ಶಾಕಪ್‌ರಹಿತ ಸವಾರಿಯ ಮೀಮಾಂಸೆ

ಸೈಕಲ್ಲಿನ ಹ್ಯಾಂಡಲ್ಲಿನಿಂದ ಕೆಳಗಿಳಿದು ಮುಂದಿನ ಚಕ್ರವನ್ನು ಎರಡೂ ಬದಿಯಿಂದ ಹಿಡಿದುಕೊಂಡಿರುವ ಕವಲಿಗೆ ಫೋರ್ಕ್ ಎಂದು ಹೆಸರು. ಬೆಟ್ಟದ ಕಾಲುದಾರಿಗಳಿಗಾಗಿ ರೂಪುಗೊಂಡ ಮೌಂಟನ್ ಬೈಕುಗಳಲ್ಲಿ ಈ ಕವಲಿನೊಳಗೆ ಸ್ಪ್ರಿಂಗನ್ನೋ ಒತ್ತಡದ ಗಾಳಿಯನ್ನೋ ಇಟ್ಟು, ಕಲ್ಲು ಬಡಿದಾಗ ಅದು ಕುಗ್ಗಿ ಮತ್ತೆ ಹಿಗ್ಗುವಂತೆ ಮಾಡುವುದು ಇಂದಿನ ರೂಢಿ; ನಮ್ಮ ಮೆಕ್ಯಾನಿಕ್ಕುಗಳ ಬಾಯಲ್ಲಿ ಇದೇ ಶಾಕಪ್. ಆ ಸೌಕರ್ಯದ ಸುಳಿವೂ ಇಲ್ಲದೆ, ಬರಿಯ ಉಕ್ಕಿನ ಕೊಳವೆಗಳನ್ನು ಬೆಸೆದು ನಿಲ್ಲಿಸಿದ್ದು ರಿಜಿಡ್ ಫೋರ್ಕ್, ಅಂದರೆ ಬಿಗಿಗವಲು. ಇದನ್ನು ಆರಿಸಿಕೊಂಡವನಿಗೂ ಭೂಮಿಗೂ ನಡುವೆ ಯಾವ ಗುಟ್ಟೂ ಉಳಿಯುವುದಿಲ್ಲ. ಕಲ್ಲು ಚಕ್ರಕ್ಕೆ ಹೇಳಿದ ಮಾತು ಕವಲಿನ ಮೂಲಕ ಅಂಗೈಗೆ, ಅಂಗೈಯಿಂದ ಹೆಗಲಿಗೆ, ಹೆಗಲಿನಿಂದ ದವಡೆಗೆ ಒಂದಕ್ಷರವೂ ಬಿಟ್ಟುಹೋಗದಂತೆ ತಲುಪುತ್ತದೆ.

ಈ ಕಷ್ಟಕ್ಕೆ ಗೌರವಾನ್ವಿತ ಪರಂಪರೆಯೊಂದಿದೆ. ಕ್ಯಾಲಿಫೋರ್ನಿಯದ ಮರಿನ್ ಕೌಂಟಿಯಲ್ಲಿ 1970ರ ದಶಕದ ತರುಣರು, ಅದಕ್ಕೂ ಮೂರು ದಶಕ ಹಿಂದಿನ ದಪ್ಪ ಟೈರಿನ ಶ್ವಿನ್ ಸೈಕಲ್ಲುಗಳನ್ನು ಹುಡುಕಿ ತಂದು, ಗುಡ್ಡ ಹತ್ತಿಸಿ, ಅಲ್ಲಿಂದ ಕೆಳಕ್ಕೆ ಬಿಟ್ಟುಕೊಂಡು ಬರುವುದನ್ನೇ ಹವ್ಯಾಸವಾಗಿಸಿಕೊಂಡಿದ್ದರು. 1976ರ ಅಕ್ಟೋಬರ್ 21ರಂದು ಫೇರ್‌ಫ್ಯಾಕ್ಸ್ ಊರಿನ ಬಳಿ, ಸುಮಾರು ಎರಡು ಮೈಲಿಯಲ್ಲಿ 1300 ಅಡಿ ಇಳಿಯುವ ಕಚ್ಚಾ ರಸ್ತೆಯಲ್ಲಿ ಅವರ ಮೊದಲ ಪಂದ್ಯ ನಡೆಯಿತು. ಆ ಸೈಕಲ್ಲುಗಳ ಬ್ರೇಕು ಹಿಂದಿನ ಚಕ್ರದ ಹಬ್ಬಿನೊಳಗೆ ಅಡಗಿದ್ದು, ಪೆಡಲನ್ನು ಹಿಂದಕ್ಕೆ ತುಳಿದರೆ ಹಿಡಿಯುವ ಬಗೆಯದು. ಒಂದೇ ಇಳಿಜಾರಿಗೆ ಅದು ಎಷ್ಟು ಕಾಯುತ್ತಿತ್ತೆಂದರೆ ಒಳಗಿನ ಗ್ರೀಸೆಲ್ಲ ಹೊಗೆಯಾಗಿ ಹೋಗಿ, ಹಬ್ಬನ್ನು ಬಿಚ್ಚಿ ಹೊಸದಾಗಿ ತುಂಬಬೇಕಾಗುತ್ತಿತ್ತು. ಹೀಗೆ ಮರಳಿ ತುಂಬುವ ಕೆಲಸದ ಇಂಗ್ಲಿಷ್ ಹೆಸರಾದ ರೀಪ್ಯಾಕ್ ಎಂಬುದೇ ಪಂದ್ಯಕ್ಕೂ ರಸ್ತೆಗೂ ನಿಂತಿತು. ಬೆನ್ನ ಹಿಂದೆ ಬ್ರೇಕು ಹೊಗೆಯಾಡುತ್ತಿರುವವನಿಗೆ ಕೈ ಜೋಮು ಹಿಡಿಯಿತೆಂದು ದೂರಲು ಪುರಸೊತ್ತಾದರೂ ಎಲ್ಲಿ? 1977ರಲ್ಲಿ ಅದೇ ಬಳಗದ ಜೋ ಬ್ರೀಜ್ ಗುಡ್ಡಕ್ಕೆಂದೇ ಹೊಸ ಸೈಕಲ್ಲನ್ನು ಕಟ್ಟಿದಾಗಲೂ ಕವಲು ಬಿಗಿಯಾಗಿಯೇ ಇತ್ತು. ಪಾಲ್ ಟರ್ನರ್ ರಾಕ್‌ಶಾಕ್ಸ್ ಕಂಪನಿಯಿಂದ ಎರಡಿಂಚಿಗೂ ತುಸು ಕಡಿಮೆ ಕುಗ್ಗುವ ಕವಲನ್ನು ಹೊರತಂದು, 1990ರಲ್ಲಿ ಕೊಲರಾಡೋದ ಡುರಾಂಗೊದಲ್ಲಿ ನಡೆದ ಮೊದಲ ಅಧಿಕೃತ ವಿಶ್ವ ಚಾಂಪಿಯನ್‌ಶಿಪ್‌ನ ಇಳಿಜಾರು ಓಟವನ್ನು ಗ್ರೆಗ್ ಹರ್ಬೋಲ್ಡ್ ಅದರ ಮೇಲೆ ಗೆದ್ದ ನಂತರ, ಬಿಗಿಗವಲು ಅನಿವಾರ್ಯದ ಪಟ್ಟದಿಂದ ಇಳಿದು ಸಿದ್ಧಾಂತದ ಪೀಠವನ್ನೇರಿತು.

ಈ ಸಿದ್ಧಾಂತದ ಮೂಲಸೂತ್ರ ಉಕ್ಕು ಬಳುಕುತ್ತದೆ ಎಂಬುದು. ಇಲ್ಲಿ ಉಕ್ಕೆಂದರೆ ಕ್ರೋಮಿಯಂ, ಮಾಲಿಬ್ಡಿನಂಗಳನ್ನು ಅಲ್ಪ ಪ್ರಮಾಣದಲ್ಲಿ ಬೆರೆಸಿದ, ಕ್ರೋಮೋಲಿ ಎಂದು ಕರೆಯಲ್ಪಡುವ ಮಿಶ್ರಲೋಹ; ಇದು ತೆಳುವಾದ ಕೊಳವೆಯಾಗಿಯೂ ಗಟ್ಟಿಯಾಗಿರುತ್ತದೆ. ಅನುಯಾಯಿಗಳು ಇದರ ಮೃದುತ್ವವನ್ನು ವರ್ಣಿಸುವಾಗ ರೇಷ್ಮೆ ನೆನಪಾದರೆ ತಪ್ಪಿಲ್ಲ. ಆದರೆ ಕವಲು ಬಳುಕುವುದು ಬಹುಪಾಲು ಹಿಂದಕ್ಕೂ ಮುಂದಕ್ಕೂ, ಅದೂ ಬ್ರೇಕು ಹಿಡಿದಾಗ. ಮೇಲಿನಿಂದ ಕೆಳಕ್ಕೆ ಬಂದ ಪೆಟ್ಟನ್ನು ನಿಜವಾಗಿ ನುಂಗುವುದು ಎರಡೂಕಾಲು ಇಂಚು ಅಗಲದ, ಇಪ್ಪತ್ತು ಇಪ್ಪತ್ತೈದು ಪಿಎಸ್‌ಐ ಮಾತ್ರ ಗಾಳಿಯಿರುವ ಟೈರು. ಮದುವೆಮನೆಯಲ್ಲಿ ಬೆವರು ಸುರಿಸಿದ್ದು ಅಡುಗೆಭಟ್ಟರಾದರೂ ಹೊಗಳಿಸಿಕೊಳ್ಳುವುದು ಬೀಗರಾಗಿರುವಂತೆ, ಟೈರು ಉಂಡ ಪೆಟ್ಟಿನ ಕೀರ್ತಿಯೆಲ್ಲ ಉಕ್ಕಿನ ಖಾತೆಗೆ ಜಮೆಯಾಗುತ್ತದೆ. ಹಾಗೆಂದು ಬಿಗಿಗವಲಿಗೆ ಗುಣವಿಲ್ಲವೆಂದಲ್ಲ. ಅದರಲ್ಲಿ ಸೋರಲು ಎಣ್ಣೆಯಿಲ್ಲ, ಸವೆಯಲು ಸೀಲಿಲ್ಲ, ಅಗ್ಗದ ಶಾಕಪ್ಪಿಗಿಂತ ಒಂದು ಕಿಲೋಗೂ ಹೆಚ್ಚು ಹಗುರ, ಮತ್ತು ಬ್ರೇಕು ಹಿಡಿದಾಗ ಸೈಕಲ್ಲಿನ ಮೂತಿ ನಮಸ್ಕಾರ ಮಾಡುವುದಿಲ್ಲ.

ಇಳಿಜಾರಿನಲ್ಲಿ ಈ ತತ್ತ್ವಜ್ಞಾನ ದೇಹದ ಮೇಲೆ ಪ್ರಯೋಗವಾಗುತ್ತದೆ. ಸವಾರನು ಸೀಟಿನಿಂದ ಎದ್ದು, ಪೆಡಲುಗಳನ್ನು ಸಮಮಟ್ಟದಲ್ಲಿಟ್ಟು, ಮೊಣಕೈ ಮೊಣಕಾಲುಗಳನ್ನು ಬಗ್ಗಿಸಿ ತಾನೇ ಶಾಕಪ್ ಆಗಬೇಕು. ಹ್ಯಾಂಡಲ್ಲನ್ನು ಬಿಗಿಯಾಗಿ ಹಿಡಿದರೆ ಬೆರಳು ಮರಗಟ್ಟುತ್ತದೆ, ಸಡಿಲ ಬಿಟ್ಟರೆ ಹ್ಯಾಂಡಲ್ಲು ತನ್ನ ದಾರಿ ತಾನು ನೋಡಿಕೊಳ್ಳುತ್ತದೆ. ಪ್ರಸ್ತುತ ಲೇಖಕನು ಒಮ್ಮೆ ಜಲ್ಲಿಯ ಇಳಿಜಾರಿನಲ್ಲಿ ಈ ಎರಡರ ನಡುವಿನ ಮಧ್ಯಮಮಾರ್ಗವನ್ನು ಅರಸುತ್ತಿದ್ದಾಗ, ಕನ್ನಡಕವು ಮೂಗಿನ ತುದಿಗೆ ಜಾರಿ, ನೀರಿನ ಬಾಟಲಿಯು ತನ್ನ ಗೂಡಿನಿಂದ ಹಾರಿ, ಸವಾರನಿಗಿಂತ ಮೊದಲೇ ಕೆಳಗೆ ತಲುಪಿತು. ದಾರಿಯಲ್ಲಿ ಎಲ್ಲೂ ಬೆಲ್ ಒತ್ತುವ ಅಗತ್ಯ ಬೀಳಲಿಲ್ಲ, ಅದು ತಾನಾಗಿಯೇ ಬಾರಿಸಿಕೊಳ್ಳುತ್ತಿತ್ತು.

ಇಳಿದ ಪೆಟ್ಟಿಗೆ ಚಕ್ರ ಬೆಂಡಾದುದರಿಂದ ಅದನ್ನು ಊರಿನ ಸೈಕಲ್ ಅಂಗಡಿಗೆ ಒಯ್ಯಬೇಕಾಯಿತು. ಅಲ್ಲಿ ಗೋಡೆಗೆ ಒರಗಿ ನಿಂತಿದ್ದ ಅಂಗಡಿಯಾತನ ಇಪ್ಪತ್ತೆಂಟು ಇಂಚಿನ ಕರಿಯ ಸೈಕಲ್ಲಿಗೂ ಉಕ್ಕಿನ ಬಿಗಿಗವಲೇ ಇತ್ತು. ಆದರೆ ಯಾವ ಸಿದ್ಧಾಂತಕ್ಕೂ ಕಟ್ಟುಬೀಳದ ಆ ಹಳೆಯ ಮಾದರಿಯವರು ಸ್ಪ್ರಿಂಗುಗಳನ್ನು ನೇರವಾಗಿ ಸೀಟಿನ ಕೆಳಗೆ, ಅಂದರೆ ನೋವು ಎಲ್ಲಿ ತಿಳಿಯುತ್ತದೋ ಅಲ್ಲಿಯೇ, ಇಟ್ಟಿದ್ದರು. ಅಂಗಡಿಯಾತನು ಬೆಂಡು ತೆಗೆದಾದ ಮೇಲೆ, ಗಿರಾಕಿಗಳು ಹೊಸ ಸೈಕಲ್ಲನ್ನು ಪರೀಕ್ಷಿಸುವ ರೀತಿಯಲ್ಲಿಯೇ ಹ್ಯಾಂಡಲ್ಲನ್ನು ಮೂರು ಸಲ ಬಲವಾಗಿ ಒತ್ತಿ ನೋಡಿ, ಕವಲು ಕದಲದೆ ಟೈರು ಮಾತ್ರ ಕುಸಿಯುವುದನ್ನು ಗಮನಿಸಿ, ಮುಖ ಗಂಭೀರ ಮಾಡಿಕೊಂಡನು.

"ಶಾಕಪ್ ಜಾಮ್ ಆಗ್ಬಿಟ್ಟಿದೆ ಸಾರ್, ಅದು ನಮ್ಮ ಕೈಲಾಗಲ್ಲ. ಗಾಳಿ ತುಂಬ ಕಮ್ಮಿ ಇತ್ತು, ಕಲ್ಲಿನ ಥರ ತುಂಬಿದೀನಿ. ದುಡ್ಡೇನೂ ಬೇಡ."