ನಾಯಕಿಯ ಎಲೆ

ಸಿನಿಮಾ ವಿಮರ್ಶೆಯನ್ನು ನಾನು ಯಾವತ್ತೂ ಬಾಲದಿಂದ ಓದುತ್ತೇನೆ. ನಮ್ಮ ವಿಮರ್ಶಕರ ಪಂಕ್ತಿಯಲ್ಲಿ ಮೊದಲು ಕಥೆ, ಆಮೇಲೆ ನಾಯಕ, ನಿರ್ದೇಶಕ, ಖಳ, ಹಾಸ್ಯ, ಕ್ಯಾಮೆರಾ. ಎಲ್ಲರಿಗೂ ಬಡಿಸಿಯಾದ ಮೇಲೆ ಕೊನೆಯಲ್ಲಿ ಕೂತ ನಾಯಕಿಯ ಎಲೆಗೆ ಒಂದು ಸೌಟು ತಿಳಿಸಾರು: ‘ಪಾತ್ರಕ್ಕೆ ನ್ಯಾಯ ಒದಗಿಸಿದ್ದಾರೆ.’

ಈ ಪಂಕ್ತಿಯನ್ನು ಅಡ್ಡಾದಿಡ್ಡಿ ಮಾಡಿದವರು ಮಾಲಾಶ್ರೀ. 1989ರಲ್ಲಿ ‘ನಂಜುಂಡಿ ಕಲ್ಯಾಣ’ ಬಂದಾಗ ನಮ್ಮೂರಿನವರೆಲ್ಲ ಟಾಕೀಸಿಗೆ ನುಗ್ಗಿದ್ದು ಅಣ್ಣಾವ್ರ ಮಗ ರಾಘವೇಂದ್ರ ರಾಜ್‌ಕುಮಾರ್ ಹೇಗೆ ಮಾಡಿದ್ದಾರೆ ನೋಡೋಣ ಎಂದು. ಆಚೆ ಬರುವಾಗ ಎಲ್ಲರ ಬಾಯಲ್ಲೂ ಆ ಬಜಾರಿ ಹುಡುಗಿಯದೇ ಮಾತು. ಅವರು ಕುಡಿದು ತೂರಾಡುತ್ತ ಹಾಡುವ ಹಾಡಿನ ದನಿ ಮಂಜುಳಾ ಗುರುರಾಜ್ ಅವರದು ಎಂದು ಯಾರೋ ಹೇಳಿದರು. ನಾನು ಅವರ ಸ್ನೇಹವನ್ನೇ ಬಿಟ್ಟೆ.

ಅಲ್ಲಿಂದ ಮುಂದೆ ಅಭಿಮಾನ ಎನ್ನುವುದು ಗುಮಾಸ್ತಗಿರಿಯಾಯಿತು. ಅದೇ ವರ್ಷ ‘ಗಜಪತಿ ಗರ್ವಭಂಗ’, 1991ರಲ್ಲಿ ‘ರಾಮಾಚಾರಿ’, ಆಮೇಲೆ ‘ಬೆಳ್ಳಿ ಕಾಲುಂಗುರ’. ಒಂದು ಚಿತ್ರದ ಕಟಿಂಗ್‌ಗೆ ಹಚ್ಚಿದ ಗೋಂದು ಒಣಗುವಷ್ಟರಲ್ಲಿ ಇನ್ನೊಂದರ ಜಾಹೀರಾತು. ವರ್ಷಕ್ಕೊಂದು ಸಿನಿಮಾ ಮಾಡುವ ಈಗಿನ ತಾರೆಯರ ಅಭಿಮಾನಿಗಳನ್ನು ಕಂಡರೆ ನನಗೆ ಪಿಂಚಣಿದಾರರನ್ನು ಕಂಡಷ್ಟೇ ಅಸೂಯೆ.

‘ರೂಪತಾರಾ’ ಕೊಳ್ಳಲು ಕಾಸಿಲ್ಲದವರಿಗೆ ಹೇರ್ ಕಟಿಂಗ್ ಸಲೂನೇ ಗ್ರಂಥಾಲಯ. ತಲೆಯಲ್ಲಿ ಕತ್ತರಿಸಲು ಏನೂ ಇಲ್ಲದಿದ್ದರೂ ಹೋಗಿ ಕೂರುತ್ತಿದ್ದೆ. ನಡುವಿನ ಪುಟದ ಫೋಟೊ ಮಾತ್ರ ನಾನು ಹೋಗುವ ಮೊದಲೇ ಮಾಯವಾಗಿರುತ್ತಿತ್ತು. ಊರಿನಲ್ಲಿ ನನಗಿಂತ ಬೇಗ ಕೂದಲು ಬೆಳೆಯುವ ಅಭಿಮಾನಿ ಯಾರೋ ಇದ್ದ. ಹಾಗಾಗಿ ಮನೆಗೆ ಬರುವ ಪೇಪರೇ ಗತಿ. ಮಾಲಾಶ್ರೀ ಫೋಟೊದ ಬೆನ್ನಿಗೆ ಯಾವಾಗಲೂ ರಾಜಕೀಯ ಸುದ್ದಿಯೇ ಇರಬೇಕೆಂದು ಯಾರು ವಿಧಿಸಿದ್ದರೋ ಕಾಣೆ. ಮುಖ್ಯಮಂತ್ರಿ ಬಂಗಾರಪ್ಪನವರ ಸರ್ಕಾರದಲ್ಲಿ ಬಿದ್ದ ಅತಿ ದೊಡ್ಡ ತೂತು ನನ್ನ ಕತ್ತರಿಯದು ಎಂದು ಅಪ್ಪ ಕೊನೆಯವರೆಗೂ ನಂಬಿದ್ದರು.

ಪೋಸ್ಟರುಗಳದು ಇನ್ನೊಂದೇ ಸುಖ. ‘ಎಸ್.ಪಿ. ಭಾರ್ಗವಿ’ಯ ಖಾಕಿ ಬಂದ ಮೇಲೆ ಗೋಡೆಯ ತುಂಬ ಅವರೇ. ಗಂಡಸರನ್ನು ಮೂಲೆಯಲ್ಲಿ ಅಂಚೆಚೀಟಿಯಷ್ಟು ಅಂಟಿಸಿದ್ದರು. ‘ಕನಸಿನ ರಾಣಿ’ ಎನ್ನುವುದು ಬಿರುದಾಗಿ, ಅದೇ ಹೆಸರಿನ ಚಿತ್ರವೂ ಬಂತು. ಹೀರೊ ಹೆಸರನ್ನು ಆಮೇಲೆ ವಿಚಾರಿಸಿ ಟಿಕೆಟ್ ಕೊಳ್ಳುವ ಕಾಲವೊಂದು ಗಾಂಧಿನಗರದಲ್ಲಿ ಇತ್ತೆಂದರೆ ಈಗಿನವರು ನಂಬುವುದಿಲ್ಲ. ವಿಮರ್ಶಕರಿಗೆ ಅದು ಸಂಕಟದ ಕಾಲ; ತಿಳಿಸಾರಿನ ಸೌಟು ಹಿಡಿದವರು ಎರಡನೇ ಪ್ಯಾರಾದಲ್ಲೇ ಹೋಳಿಗೆ ಬಡಿಸಬೇಕಾಯಿತು. ಚಿತ್ರ ಸಾಧಾರಣ ಎಂದು ಬರೆದವರನ್ನು ನಾನು ಕ್ಷಮಿಸಿದ್ದೇನೆ. ಸಾಧಾರಣವಾದವೂ ಇದ್ದವು, ಅದನ್ನು ಹೇಳುವ ಹಕ್ಕು ಮೂರು ಸಲ ನೋಡಿದವರಿಗೆ ಮಾತ್ರ ಎನ್ನುವುದಷ್ಟೇ ನನ್ನ ವಾದ.

2004ರಲ್ಲಿ ‘ದುರ್ಗಿ’, 2009ರಲ್ಲಿ ‘ಕಿರಣ್ ಬೇಡಿ’. ಅವರು ಲಾಂಗು ಹಿಡಿದು ರೌಡಿಗಳನ್ನು ಅಟ್ಟಿಸಿಕೊಂಡು ಹೋಗುತ್ತಿದ್ದರೆ, ಬಾಲ್ಕನಿಯ ಮೆಟ್ಟಿಲು ಹತ್ತಿದ್ದಕ್ಕೇ ಏದುಸಿರು ಬಿಡುತ್ತ ನಾನು ಶಿಳ್ಳೆಗೆ ಪ್ರಯತ್ನಿಸುತ್ತಿದ್ದೆ. ಗಾಳಿಯಷ್ಟೇ ಬಂತು.

2023ರ ಡಿಸೆಂಬರಿನಲ್ಲಿ ಅವರ ಮಗಳು ಆರಾಧನಾ ‘ಕಾಟೇರ’ದಲ್ಲಿ ದರ್ಶನ್‌ಗೆ ನಾಯಕಿಯಾಗಿ ಬಂದಾಗ ಸೋದರಮಾವನ ಗಾಂಭೀರ್ಯದಲ್ಲಿ ಹೋಗಿ ಕೂತೆ. ಉಳುವವನೇ ಹೊಲದೊಡೆಯನಾದ ಕಾಲದ ಕಥೆಯಂತೆ. ಅದನ್ನು ಬೇರೆಯವರು ನೋಡಿಕೊಳ್ಳಲಿ ಎಂದು ನಾನು ಹುಡುಗಿಯ ಮಾತಿನ ವರಸೆ, ಕಣ್ಣು, ತಲೆ ಕೊಂಕಿಸುವ ರೀತಿಗಳನ್ನು ಒಂದೊಂದಾಗಿ ತಾಯಿಯ ಲೆಕ್ಕಕ್ಕೆ ತಾಳೆ ನೋಡುತ್ತಿದ್ದೆ. ಸ್ವಲ್ಪ ಜೋರಾಗಿಯೇ ಇರಬೇಕು. ಇಂಟರ್‌ವಲ್‌ನಲ್ಲಿ ಪಾಪ್‌ಕಾರ್ನ್‌ಗೆ ಎದ್ದ ಪಕ್ಕದ ಸೀಟಿನ ಹುಡುಗ ಮರ್ಯಾದೆಯಿಂದ ಕೇಳಿದ: “ಅಂಕಲ್, ಆವಾಗಿಂದ ಹೇಳ್ತಾ ಇದೀರಲ್ಲ, ಮಾಲಾಶ್ರೀ ಅಂದ್ರೆ ಯಾರು?”

ಪಾಪ, ಅವನಿಗೆ ಪಾಪ್‌ಕಾರ್ನ್ ಸಿಗಲಿಲ್ಲ.