ಭಾವನ ಲಂಡನ್

ಮದ್ದೂರಿನ ನಮ್ಮ ಭಾವ ರೈಲು ಹತ್ತಿದರೆ ಮೊಬೈಲಲ್ಲಿ ಲಿಚೆಸ್ ಎಂಬ ಚೆಸ್ ಆ್ಯಪ್ ತೆರೆಯುತ್ತಾರೆ. ಹನಕೆರೆ ಬರುವಷ್ಟರಲ್ಲಿ ಮಂತ್ರಿ ಹೋಗಿರುತ್ತದೆ, ಮಂಡ್ಯ ಬರುವಷ್ಟರಲ್ಲಿ ರಾಜ. ಹೊಸಬರಿಗೆಲ್ಲ ಅಲ್ಲಿ 1500 ರೇಟಿಂಗ್ ಪುಕ್ಕಟೆ. ಭಾವ ಅದನ್ನು 900ಕ್ಕಿಳಿಸಿ, ಮತ್ತೆ 1100ಕ್ಕೆ ತಂದು, "ಇನ್ನೂರು ಏರ್ಸಿವ್ನಿ ಕಣ್ಲಾ!" ಅನ್ನುತ್ತಾರೆ.

ಮೊದಲು ಮಂತ್ರಿ, ಒಂಟೆ ಎರಡನ್ನೂ ಎಫ್7ಕ್ಕೆ ನುಗ್ಗಿಸಿ ನಾಲ್ಕೇ ನಡೆಯಲ್ಲಿ ಮುಗಿಸುವ ಆತುರ. ಈಗ ಲಂಡನ್ ಸಿಸ್ಟಮ್ ಎಂಬ ಓಪನಿಂಗ್. ಒಂಟೆಯನ್ನು ಎಫ್4ರಲ್ಲಿ ಮಡಗಿದರೆಂದರೆ, ಹೆದ್ದಾರಿಯಲ್ಲಿ ಧರಣಿ ಕೂತ ರೈತಸಂಘದವರಂತೆ, ಜಪ್ಪಯ್ಯ ಅಂದರೂ ಕದಲುವುದಿಲ್ಲ. ಎದುರಾಳಿ ಏನಾಡಿದ ಅಂತ ನೋಡುವ ಅಭ್ಯಾಸ ಮಾತ್ರ ಇನ್ನೂ ಬಂದಿಲ್ಲ.

ಪಕ್ಕದ ಮೈಸೂರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕುದುರೆಯನ್ನು 64 ಮನೆಗೂ ಒಂದೊಂದೇ ಸಲ ಕಾಲಿಡಿಸಿ ಸುತ್ತಿಸಿದವರು. ಭಾವನ ಕುದುರೆ ಜಿ1 ಬಿಟ್ಟು ಹೊರಡುವುದೇ ಅಪರೂಪ. ಸೋತರೆ? "ನೆಟ್‌ವರ್ಕ್ ಕೈಕೊಡ್ತು." ಗೆದ್ದ ದಿನ ನೆಟ್‌ವರ್ಕ್ ಹೆಸರೇ ಎತ್ತುವುದಿಲ್ಲ.