ಕೆಲಸ ಕೊಡದ ಗಿಡ

ಕೈತೋಟಕ್ಕೆ ‘ಬಂದರೆ’ ಎಂಬ ಗಿಡ ಬೇಕೆಂದಾಗ ನರ್ಸರಿಯವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. “ಸಾರ್, ಅದು ಗುಡ್ಡದಲ್ಲಿ ಬಿಟ್ಟಿ ಬೆಳೆಯೋದು. ಕುಂಡದಲ್ಲಿಟ್ಟು ಮಾರಿದ್ರೆ ಜನ ನಗ್ತಾರೆ” ಎಂದು ಹೇಳಿ, ದಿನಕ್ಕೆರಡು ಸಲ ನೀರು ಕೇಳುವ ಯಾವುದೋ ವಿಲಾಯಿತಿ ಗಿಡ ತೋರಿಸಿದ.

ಚಿತ್ರದುರ್ಗದ ಜೋಗಿಮಟ್ಟಿಯ ಕಡೆ ಹೋದವರಿಗೆ ಗೊತ್ತು, ಕಲ್ಲು, ಬಿಸಿಲು, ಬಂದರೆ ಮೂರಕ್ಕೂ ಅಲ್ಲಿ ಬರವಿಲ್ಲ. ಸುತ್ತಲಿನ ಹುಲ್ಲೆಲ್ಲ ಒಣಗಿ ನಿಂತಾಗಲೂ ಇದರ ಎಲೆ ಈಗಷ್ಟೇ ವಾರ್ನಿಷ್ ಬಳಿದ ಹಾಗೆ ಮಿರಮಿರ ಮಿಂಚುತ್ತದೆ. ಎಲೆ ಮೇಲಿನ ಅಂಟುರಾಳದ ಮಹಿಮೆ ಅದು. ಒಳಗಿನ ನೀರನ್ನು ಸುಲಭಕ್ಕೆ ಆರಲು ಬಿಡುವುದಿಲ್ಲ. ಆಡು ಮುಟ್ಟದ ಸೊಪ್ಪಿಲ್ಲ ಎನ್ನುತ್ತಾರಲ್ಲ, ಸುಳ್ಳಲ್ಲ. ಬಂದರೆಯನ್ನೂ ಆಡು ಮುಟ್ಟುತ್ತದೆ. ಮುಟ್ಟಿ, ಮೂಸಿ, ಮುಂದೆ ಹೋಗುತ್ತದೆ.

ಕೊನೆಗೆ ಊರಿಂದ ನಮ್ಮ ಸೋದರತ್ತೆ ಬೀಜ ಕಳಿಸಿದರು. “ಸಿಪ್ಪೆ ಗಟ್ಟಿ ಕಣೋ, ಬಿಸಿನೀರು ಹುಯ್ದು ರಾತ್ರಿಯೆಲ್ಲ ನೆನೆಸು. ಗಿಡ ಆದ್ಮೇಲೆ ಕಾಲು ಉಳುಕಿದ್ರೆ ಸೊಪ್ಪು ಬಿಸಿ ಮಾಡಿ ಕಟ್ಕೋಬೋದು” ಎಂದರು. ಕಾಲು ಇನ್ನೂ ಉಳುಕಿಲ್ಲ. ಅತ್ತೆ ಮಾತ್ರ ಫೋನಿನಲ್ಲಿ ಆಗಾಗ ವಿಚಾರಿಸುತ್ತಾರೆ.

ಈ ಗಿಡದ ಒಂದೇ ಕಷ್ಟವೆಂದರೆ ನಮಗೆ ಕೆಲಸವಿಲ್ಲ. ಗುಲಾಬಿಯಾದರೆ ನುಸಿ, ಬೂದಿರೋಗ, ಗೊಬ್ಬರ ಅಂತ ಒಂದು ಭಾನುವಾರವನ್ನು ಗೌರವವಾಗಿ ಕಳೆಯಬಹುದು. ಎರಡು ದಿನ ನೀರು ತಪ್ಪಿದರೆ ದಾಸವಾಳ ತಲೆ ಬಾಗಿಸಿ, ನಾವಿಲ್ಲದೆ ಲೋಕ ನಡೆಯದು ಎಂಬ ಸಮಾಧಾನವನ್ನಾದರೂ ಕೊಡುತ್ತದೆ. ಬಂದರೆಗೆ ಬೇರೂರಿದ ಮೇಲೆ ನಮ್ಮ ಹಂಗಿಲ್ಲ. ಪ್ರೀತಿ ಉಕ್ಕಿ ಬುಡದಲ್ಲಿ ನೀರು ನಿಲ್ಲಿಸಿದರೆ ಬೇರು ಕೊಳೆತೀತು. ಎದುರುಮನೆಯ ರಿಟೈರ್ಡ್ ಮೇಷ್ಟ್ರು ಬೆಳಿಗ್ಗೆ ಪೈಪು ಹಿಡಿದು ಇಡೀ ಬೀದಿಯ ಸಮಾಚಾರ ಸಂಗ್ರಹಿಸುವಾಗ ನಾನು ಬರಿಗೈಯಲ್ಲಿ ಗೇಟಿನ ಬಳಿ ನಿಲ್ಲಲು ನೆಪವೇ ಇಲ್ಲ.

ಹೂವೋ, ಎಸಳೇ ಇಲ್ಲದ್ದು. ಪರಾಗ ಸಾಗಿಸುವುದು ಗಾಳಿ, ಆದ್ದರಿಂದ ದುಂಬಿಯನ್ನು ಕರೆಯುವ ಶೃಂಗಾರದ ಖರ್ಚು ಬೇಡ. ಆದರೆ ಕಾಯಿ ಬಿಟ್ಟಾಗ ನೋಡಬೇಕು! ತೆಳು ರೆಕ್ಕೆ ಕಟ್ಟಿಕೊಂಡ ಗೊಂಚಲುಗಳು ಹಸಿರಿನಿಂದ ಕೆಂಪಿಗೆ ತಿರುಗಿದಾಗ ಮೇಷ್ಟ್ರೇ ಪೈಪು ಬಿಟ್ಟು ಬಂದು, “ಎಲ್ಲಿಂದ ತರಿಸಿದ್ರಿ ಈ ಫಾರಿನ್ ಹೂವು?” ಎಂದರು.

ಬೇಕಾದವರು ಗುಡ್ಡದಿಂದ ಗಿಡ ಕಿತ್ತು ತರಬೇಡಿ, ನಾಲ್ಕು ಬೀಜ ಹಾಕಿ. ಸಾಮಾನ್ಯವಾಗಿ ಗಂಡು ಹೂ ಒಂದು ಗಿಡದಲ್ಲಿ, ಹೆಣ್ಣು ಹೂ ಇನ್ನೊಂದರಲ್ಲಿ ಬಿಡುವುದರಿಂದ ಒಂಟಿ ಗಿಡ ನೆಟ್ಟು ಕಾಯಿಗಾಗಿ ಕಾಯಬೇಡಿ.